ಕಾಫಿ ಪೂಲ್ ಹೋಯಿತು, ಅಳೆಯುವ ಕೈ ಯಾರದ್ದು?

ಮಾನ್ಯ ಸಂಪಾದಕರೇ,

ಸರ್ಕಾರ ವ್ಯಾಪಾರದಿಂದ ದೂರ ಉಳಿದು ಬೆಲೆಯನ್ನು ಪೇಟೆಗೇ ಬಿಡಬೇಕೆಂದು ಕೆಲವರೂ, ಪೇಟೆಯನ್ನು ನಂಬಿದರೆ ರೈತ ಉಳಿಯುವುದಿಲ್ಲ, ಸರ್ಕಾರವೇ ಕೊಳ್ಳಬೇಕೆಂದು ಇನ್ನು ಕೆಲವರೂ ವಾಚಕರ ಅಂಕಣದಲ್ಲಿ ಬರೆಯುತ್ತಿರುವುದನ್ನು ಗಮನವಿಟ್ಟು ಓದುತ್ತಿದ್ದೇನೆ. 2020ರಲ್ಲಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿಯಾದಂದಿನಿಂದ ಈ ವಾದ ನಮ್ಮ ರಾಜ್ಯದಲ್ಲಿ ನಿಂತೇ ಇಲ್ಲ. ಎರಡೂ ಕಡೆಯವರು ಮುಂದಿಡುವ ಉದಾಹರಣೆಗಳು ಬಹುಮಟ್ಟಿಗೆ ಬೇರೆ ರಾಜ್ಯದವು ಅಥವಾ ಬೇರೆ ದೇಶದವು. ಈ ಎರಡು ವ್ಯವಸ್ಥೆಗಳನ್ನೂ ಪೂರ್ತಿಯಾಗಿ, ಒಂದಾದ ಮೇಲೊಂದರಂತೆ ಅನುಭವಿಸಿದ ಬೆಳೆ ನಮ್ಮ ಮಲೆನಾಡು ಮತ್ತು ಕೊಡಗಿನಲ್ಲೇ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಆ ಬೆಳೆಯನ್ನು ಐವತ್ತಕ್ಕೂ ಹೆಚ್ಚು ವರ್ಷ ಸರ್ಕಾರವೊಂದೇ ಕೊಂಡಿತು. ಆಮೇಲೆ ಮೂರು ದಶಕಗಳಿಂದ ಪೇಟೆಯೊಂದೇ ಕೊಳ್ಳುತ್ತಿದೆ. ಮೂಡಿಗೆರೆ ತಾಲ್ಲೂಕಿನ ಸಣ್ಣ ಬೆಳೆಗಾರನಾಗಿ ಎರಡನ್ನೂ ಕಂಡಿರುವುದರಿಂದ ನನ್ನ ಅಭಿಪ್ರಾಯವನ್ನು ಹೇಳಬಯಸುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಕೈತಪ್ಪಿ ಕಾಫಿ ಕೊಳ್ಳುವವರೇ ಇಲ್ಲದಂತಾದಾಗ, ಬೆಳೆಗಾರರನ್ನು ಉಳಿಸಲೆಂದೇ ಸರ್ಕಾರ ನಡುವೆ ಬಂದಿತು. 1942ರ ಕಾಫಿ ಕಾಯ್ದೆ ಹುಟ್ಟಿದ್ದು ಆ ಸಂಕಟದಲ್ಲಿ. ಅದರ ಪ್ರಕಾರ, ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಬೆಳೆದ ಕಾಫಿಯನ್ನೆಲ್ಲ, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಯಾರ ಕಾಫಿ ಯಾವುದೆಂಬ ಗುರುತು ಅಲ್ಲಿಗೆ ಮುಗಿಯುತ್ತಿತ್ತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆದು, ದರ್ಜೆ ವಿಂಗಡಿಸಿ, ದರ್ಜೆಗೆ ತಕ್ಕಂತೆ ಪಾಯಿಂಟ್ ಹಾಕಿ, ಮಂಡಳಿ ಹರಾಜಿನಲ್ಲಿ ಮಾರಿದ ಮೇಲೆ ಬಂದ ಹಣವನ್ನು ಆ ಪಾಯಿಂಟ್‌ಗಳ ಲೆಕ್ಕದಲ್ಲಿ ಹಂಚಲಾಗುತ್ತಿತ್ತು. ಕಾಫಿ ಒಪ್ಪಿಸಿದಾಗ ಒಂದು ಮೊದಲ ಕಂತು. ಉಳಿದದ್ದು ಮಾರಾಟವಾದಂತೆಲ್ಲ ಕಂತು ಕಂತಾಗಿ.

ಆ ವ್ಯವಸ್ಥೆಯ ಗುಣವನ್ನು ಮೊದಲು ಹೇಳಬೇಕು, ಏಕೆಂದರೆ ಇಂದಿನ ಯುವ ಬೆಳೆಗಾರರಿಗೆ ಅದು ಕಥೆಯಾಗಿಯೂ ಉಳಿದಿಲ್ಲ. ನಮ್ಮ ತಂದೆಯವರಿಗೆ ಇದ್ದದ್ದು 12 ಎಕರೆ. ನೂರಾರು ಎಕರೆಯ ಕಂಪನಿ ತೋಟದ, ಹಣ್ಣಿನ ಹೊರಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಸಿಗುತ್ತಿದ್ದ ದರವೇ, ದರ್ಜೆ ಒಂದೇ ಆಗಿದ್ದರೆ, ಅವರ ಪಾರ್ಚ್‌ಮೆಂಟಿಗೂ ಸಿಗುತ್ತಿತ್ತು. ಚೌಕಾಸಿ ಇರಲಿಲ್ಲ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ (ಯಾವ ದೇಶ ಎಷ್ಟು ಮಾರಬಹುದೆಂಬ ಮಿತಿ) ಇದ್ದಷ್ಟು ಕಾಲ ಬೆಲೆ ಪಾತಾಳಕ್ಕೆ ಬೀಳುತ್ತಿರಲಿಲ್ಲ. ಮಂಡಳಿ ತೆರೆದ ಕಾಫಿ ಹೌಸ್‌ಗಳಿಂದ ಊರೂರಿನಲ್ಲಿ ಕಾಫಿ ಕುಡಿಯುವ ರೂಢಿ ಬೆಳೆಯಿತು. (1950ರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚಲು ಹೊರಟಾಗ ಅಲ್ಲಿನ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಇಂಡಿಯಾ ಕಾಫಿ ಹೌಸ್ ಆ ಪರಂಪರೆಯದು. ಸರ್ಕಾರವೂ ಅಲ್ಲದ, ಬಂಡವಾಳಗಾರನೂ ಅಲ್ಲದ ಮೂರನೆಯ ದಾರಿಯೊಂದು ಇದೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ನೆನೆಯದಿರುವುದು ನನಗೆ ಬೇಸರ ತಂದಿದೆ.)

ಇಷ್ಟಾದರೂ ಪೂಲ್ ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. ತಂದೆಯವರು ಕೊನೆಯ ಕಂತಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದುದನ್ನು ನೋಡಿದ್ದೇನೆ. ಬೆಳೆ ಒಪ್ಪಿಸಿ ಆಗಿದೆ, ಗೊಬ್ಬರಕ್ಕೆ ಮತ್ತು ಆಳಿನ ಸಂಬಳಕ್ಕೆ ಹಣ ಬೇಕಾಗಿದೆ, ಬರಬೇಕಾದ ಹಣ ಎಷ್ಟೆಂಬುದೇ ಗೊತ್ತಿಲ್ಲ; ಅದಕ್ಕಾಗಿ ಸಾಲ, ಆ ಸಾಲಕ್ಕೆ ಬಡ್ಡಿ. ತಮ್ಮದೇ ಕಾಫಿಯನ್ನು ಒಂದು ಮೂಟೆಯಷ್ಟು ಹೊರಗೆ ಮಾರಿದರೂ ಅದು ಅಪರಾಧ. ಚೆನ್ನಾಗಿ ಹಣ್ಣು ಆರಿಸಿ, ಶ್ರದ್ಧೆಯಿಂದ ಒಣಗಿಸಿದವನ ಕಾಫಿಯೂ ಅದೇ ದರ್ಜೆಯ ಮಿಕ್ಕವರ ಕಾಫಿಯೊಂದಿಗೆ ಬೆರೆತುಹೋಗುತ್ತಿತ್ತು, ಅವನ ಹೆಸರು ಕೊಳ್ಳುವವನಿಗೆ ಎಂದೂ ತಲುಪುತ್ತಿರಲಿಲ್ಲ. ಹೀಗೆ ಕಡ್ಡಾಯವಾಗಿ ಒಪ್ಪಿಸುವುದು ಮಾರಾಟವೇ ಅಲ್ಲವೇ ಎಂಬ ಪ್ರಶ್ನೆ, ಖರೀದಿ ತೆರಿಗೆಯ ತಕರಾರಿನಲ್ಲಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದು ಮಾರಾಟವೇ ಎಂದು 1988ರಲ್ಲಿ ತೀರ್ಪಾಯಿತು. ತಾನು ಮಾರುತ್ತಿದ್ದೇನೋ ಇಲ್ಲವೋ ಎಂಬುದನ್ನು ತಿಳಿಯಲು ಬೆಳೆದವನು ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪನ್ನು ಕಾಯಬೇಕಾದ ವ್ಯವಸ್ಥೆಯಲ್ಲಿ ಏನೋ ತಪ್ಪಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಕುಸಿಯಿತು. ರೂಪಾಯಿ ಲೆಕ್ಕದಲ್ಲಿ ನಮ್ಮಿಂದ ಹೇರಳವಾಗಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಬೆಳೆಗಾರರ ಒತ್ತಾಯ ಹೆಚ್ಚಿದಂತೆ 1992–93ರಲ್ಲಿ ಶೇ 30ರಷ್ಟನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಅನುಮತಿ ಸಿಕ್ಕಿತು. ಆ ಪ್ರಮಾಣ ಏರುತ್ತಾ ಹೋಗಿ 1996ರ ಹೊತ್ತಿಗೆ ಪೂಲ್ ಪೂರ್ತಿ ಕೊನೆಗೊಂಡಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದ್ದರಿಂದ ನಮಗೆಲ್ಲ ಅದು ಬಿಡುಗಡೆಯ ಕಾಲವಾಗಿಯೇ ಕಂಡಿತು. ಕಣದಲ್ಲೇ ಹಣ ಎಣಿಸಿ ಕೊಡುವ ವ್ಯಾಪಾರಿಗಳು ಬಂದರು. ತೋಟಗಳು ವಿಸ್ತರಿಸಿದವು, 1990–91ರಲ್ಲಿ ಸುಮಾರು 1.70 ಲಕ್ಷ ಟನ್ ಇದ್ದ ದೇಶದ ಕಾಫಿ ಉತ್ಪಾದನೆ 2000–01ರಲ್ಲಿ 3 ಲಕ್ಷ ಟನ್ ದಾಟಿತು. ಮುಕ್ತ ಪೇಟೆ ಬೆಳೆಗಾರನ ಕೈಗೆ ಹುರುಪು ಕೊಡುತ್ತದೆ ಎಂಬ ಮಾತು ಸುಳ್ಳಲ್ಲ. ನಾನೇ ಆ ಹುರುಪಿನಲ್ಲಿ ಗದ್ದೆಯ ಮೇಲಿನ ಬಾಣೆ ಜಾಗಕ್ಕೆ ರೊಬಸ್ಟಾ ಜಾತಿಯ ಕಾಫಿ ಹಾಕಿದವನು.

ಆದರೆ ಅದೇ ಹೊತ್ತಿಗೆ ವಿಯೆಟ್ನಾಂ ಜಗತ್ತಿನ ಎರಡನೆಯ ದೊಡ್ಡ ಕಾಫಿ ದೇಶವಾಗಿ ಬೆಳೆದು, ಪೇಟೆಯಲ್ಲಿ ಕಾಫಿ ತುಂಬಿ ತುಳುಕಿತು. 2001 ಮತ್ತು 2002ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿತ್ತು. ಕೊಯ್ಲಿನ ಕೂಲಿಯೂ ಹುಟ್ಟದ ಆ ವರ್ಷಗಳಲ್ಲಿ ನಮ್ಮ ಸೀಮೆಯ ಎಷ್ಟೋ ತೋಟಗಳಲ್ಲಿ ರೆಂಬೆ ಸವರುವ, ಚಿಗುರು ತೆಗೆಯುವ ಕೆಲಸ ನಿಂತಿತು; ಗೊಬ್ಬರ ಕಾಣದ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಹುಳು ಹತ್ತಿತು. ಆಗ ಮಾಡಿದ ಸಾಲ ಕೆಲವರ ಮನೆಯಲ್ಲಿ ಇಂದಿಗೂ ತೀರಿಲ್ಲ. ವಿಶೇಷ ಸಾಲ, ಬಡ್ಡಿ ರಿಯಾಯಿತಿ, 2010ರ ಸಾಲ ಪರಿಹಾರ ಯೋಜನೆ ಎಂದು ಸರ್ಕಾರ ಮತ್ತೆ ಮತ್ತೆ ಬರಬೇಕಾಯಿತು. ಅಂದರೆ ಮುಂಬಾಗಿಲಿನಿಂದ ಹೊರಗೆ ಹೋದ ಸರ್ಕಾರ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. ಆದರೆ ಬಂದದ್ದು ಮನೆ ಉರಿದ ಮೇಲೆ.

ಇಲ್ಲಿ ನಮ್ಮ ಬೆಳೆಗಾರ ಬಾಂಧವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಬೆಲೆ ಬಿದ್ದ ವರ್ಷ ನಾವು ಸಭೆ ಸೇರಿ ಸರ್ಕಾರ ಕೈಹಿಡಿಯಲಿ ಎನ್ನುತ್ತೇವೆ. ಬೆಲೆ ಏರಿದ ವರ್ಷ ಮಂಡಳಿಯೇ ಯಾಕೆ ಬೇಕು ಎನ್ನುತ್ತೇವೆ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕಿಲೋ ಮೂಟೆಗೆ 10,000 ರೂಪಾಯಿ ದಾಟಿದಾಗ ಆ ಎರಡನೆಯ ಮಾತನ್ನು ಬಹಳ ಕೇಳಿದೆ. ಬೆಲೆ ಏರಿದ್ದು ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟಿದ್ದರಿಂದ. ಅದರಲ್ಲಿ ನಮ್ಮ ಜಾಣ್ಮೆಯ ಪಾಲು ಏನೂ ಇರಲಿಲ್ಲ. ಆ ಬೆಲೆಯಲ್ಲಿ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಸಿಕ್ಕಿದ ಪಾಲು ಎಷ್ಟೆಂದು ನಮ್ಮನ್ನು ನಾವೇ ಕೇಳಿಕೊಂಡರೆ, ಕನಿಷ್ಠ ಕೂಲಿಯನ್ನು ನಿಗದಿ ಮಾಡಲು ಸರ್ಕಾರ ಯಾಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಹಾಗಾದರೆ ಸರ್ಕಾರ ಮಾಡಬೇಕಾದ್ದೇನು? ನನ್ನ ಮಟ್ಟಿಗೆ ಇದರ ಉತ್ತರ ದೊಡ್ಡ ಸಿದ್ಧಾಂತದಲ್ಲಿಲ್ಲ, ಕಾಫಿ ಮಾರುವ ದಿನ ಕಣದಲ್ಲಿ ನಡೆಯುವ ವ್ಯವಹಾರದಲ್ಲಿದೆ. ನಗರದ ಓದುಗರಿಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ. ಅದನ್ನು 50 ಕಿಲೋ ಮೂಟೆಯ ಲೆಕ್ಕದಲ್ಲಿ ಮಾರುತ್ತೇವೆ. ಆದರೆ ಕೊಳ್ಳುವವನಿಗೆ ಬೇಕಾದದ್ದು ಒಳಗಿನ ಬೀಜ. ಒಂದು ಮೂಟೆಯನ್ನು ಸಿಪ್ಪೆ ಬಿಡಿಸಿದಾಗ ಎಷ್ಟು ಕಿಲೋ ಬೀಜ ಸಿಗುತ್ತದೆಯೋ ಅದಕ್ಕೆ ಔಟ್‌ಟರ್ನ್ ಎನ್ನುತ್ತಾರೆ; ಆಡುಮಾತಿನಲ್ಲಿ ಓ.ಟಿ. ಒಳ್ಳೆಯ ಕಾಫಿಯಲ್ಲಿ ಅದು 26, 27, 28ರವರೆಗೂ ಬರುತ್ತದೆ. ವ್ಯಾಪಾರಿ ಮೂಟೆಯಿಂದ ಹಿಡಿಯಷ್ಟು ಸ್ಯಾಂಪಲ್ ತೆಗೆದು, ತನ್ನ ಅಂಗಡಿಯ ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ಎಷ್ಟಿದೆ ಎಂದು ತನ್ನದೇ ಮಾಪಕದಲ್ಲಿ ನೋಡಿ, ಒಂದು ಸಂಖ್ಯೆ ಹೇಳುತ್ತಾನೆ. ಬೀಜಕ್ಕೆ ಕಿಲೋಗೆ 400 ರೂಪಾಯಿ ದರವಿದೆ ಎಂದಿಟ್ಟುಕೊಂಡರೆ, ಆ ಸಂಖ್ಯೆಯಲ್ಲಿ ಒಂದೇ ಒಂದು ಕಡಿಮೆಯಾದರೂ ಮೂಟೆಗೆ 400, ನೂರು ಮೂಟೆಗೆ 40,000 ರೂಪಾಯಿ ಹೋಯಿತು. ರೊಬಸ್ಟಾದ ಜಾಗತಿಕ ದರ ಗೊತ್ತಾಗುವ ಲಂಡನ್ ಟರ್ಮಿನಲ್‌ನ ದರವನ್ನು ಬೆಳೆಗಾರ ಇಂದು ತನ್ನ ಮೊಬೈಲಿನಲ್ಲೇ ನೋಡಬಲ್ಲ. ತನ್ನ ಸ್ವಂತ ಮೂಟೆಯ ಓ.ಟಿ. ಎಷ್ಟೆಂಬುದನ್ನು ಮಾತ್ರ ಕೊಳ್ಳುವವನ ಬಾಯಿಂದಲೇ ಕೇಳಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ನನ್ನ ಚೆರಿಗೆ 24 ಓ.ಟಿ. ಎಂದ. ಕಾಳು ತುಂಬಿದ ವರ್ಷವಾದ್ದರಿಂದ ನನಗೆ ನಂಬಿಕೆ ಬರಲಿಲ್ಲ. ಅದೇ ರಾಶಿಯ ಸ್ಯಾಂಪಲ್ಲನ್ನು ಬೇರೆ ಊರಿನ ಇನ್ನೊಬ್ಬರ ಬಳಿ ಒಯ್ದಾಗ 26ಕ್ಕೂ ಮೇಲೆ ಬಂದಿತು. ನಾನು ಒಯ್ಯಬಲ್ಲವನಾಗಿದ್ದೆ, ಏಕೆಂದರೆ ಆ ವಾರ ನನಗೆ ಹಣದ ತುರ್ತು ಇರಲಿಲ್ಲ. ಪಕ್ಕದ ತೋಟದ, ಎರಡು ಎಕರೆಯ ಬೆಳೆಗಾರರಿಗೆ ಮಗಳ ಮದುವೆ ಇತ್ತು. ವ್ಯಾಪಾರಿ ಹೇಳಿದ ಸಂಖ್ಯೆಗೇ ಅವರು ಕಾಫಿ ಕೊಟ್ಟರು. ಇನ್ನೊಂದು ವರ್ಷ, ಪೇಟೆಗಿಂತ ಹೆಚ್ಚಿನ ದರ ಕೊಡುತ್ತೇನೆಂದು ನಮ್ಮ ಸುತ್ತಿನ ಹಲವರಿಂದ ಕಾಫಿ ಪಡೆದು, ಹಣ ಕೊಡದೆ ಅಂಗಡಿ ಮುಚ್ಚಿಕೊಂಡು ಹೋದವನಿಂದ ನನಗೆ ಬರಬೇಕಾದದ್ದು ಇವತ್ತಿಗೂ ಬಂದಿಲ್ಲ. ಕೈಯಲ್ಲಿದ್ದದ್ದು ಒಂದು ತುಂಡು ಚೀಟಿ. ಎಲ್ಲ ವ್ಯಾಪಾರಿಗಳೂ ಹೀಗೆಂದು ನಾನು ಹೇಳಲಾರೆ. ಮೂವತ್ತು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದವರನ್ನೂ ಬಲ್ಲೆ. ಆದರೆ ಒಂದು ಬೆಳೆಯ ನ್ಯಾಯ ಕೊಳ್ಳುವವನ ಒಳ್ಳೆಯತನದ ಮೇಲೆ ನಿಲ್ಲಬಾರದು.

ಹಾಲಿನ ಡೇರಿಗೆ ಹೋಗಿ ನೋಡಿ. ಒಂದು ಹಸು ಸಾಕಿದ ತಾಯಿಯೂ ತಾನು ಹಾಕಿದ ಹಾಲಿನ ಜಿಡ್ಡಿನಂಶವನ್ನು ಎದುರಿಗೇ ಅಳೆಸಿ ಚೀಟಿ ಪಡೆಯುತ್ತಾಳೆ. ಅಲ್ಲಿ ಅಳೆಯುವುದು ಅವಳೂ ಸದಸ್ಯೆಯಾಗಿರುವ ಸಂಘ. ಲಕ್ಷಾಂತರ ರೂಪಾಯಿಯ ಕಾಫಿ ಮಾರುವವನಿಗೆ ಆ ಚೀಟಿ ಇಲ್ಲ. ಕಿರಾಣಿ ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕೆಂಬ ಕಾನೂನು ನಮ್ಮಲ್ಲಿದೆ. ಕಾಫಿ ಅಂಗಡಿಯ ತೇವಾಂಶ ಮಾಪಕವನ್ನು ಯಾವ ಅಧಿಕಾರಿಯೂ ಪರೀಕ್ಷಿಸಿದ್ದನ್ನು ನಾನು ಈವರೆಗೆ ನೋಡಿಲ್ಲ. ಆದ್ದರಿಂದ ನಾನು ಕೇಳುವುದು ಇಷ್ಟು: ಕಾಫಿ ಬೆಳೆಯುವ ಪ್ರತಿ ಹೋಬಳಿಯಲ್ಲಿ, ಮಂಡಳಿಯದೋ ಸಹಕಾರ ಸಂಘದ್ದೋ ಆದ ಒಂದು ಪರೀಕ್ಷಾ ಕೇಂದ್ರವಿರಲಿ, ಅಲ್ಲಿ ಯಾರು ಬೇಕಾದರೂ ಅಲ್ಪ ಶುಲ್ಕ ಕೊಟ್ಟು ತಮ್ಮ ಕಾಫಿಯ ಔಟ್‌ಟರ್ನ್ ಮತ್ತು ತೇವಾಂಶ ಅಳೆಸಿ, ಮುದ್ರೆಯಿರುವ ಚೀಟಿ ಪಡೆಯಲಿ, ಕೊಳ್ಳುವವರು ಪರವಾನಗಿ ಪಡೆದು ಠೇವಣಿ ಇಡಲಿ, ಗೊತ್ತಾದ ದಿನಗಳೊಳಗೆ ಹಣ ಕೊಡದಿದ್ದರೆ ಆ ಠೇವಣಿಯಿಂದ ಬೆಳೆಗಾರನಿಗೆ ಸಲ್ಲಲಿ. ಇದರಲ್ಲಿ ಸರ್ಕಾರ ಒಂದು ಕಿಲೋ ಕಾಫಿಯನ್ನೂ ಕೊಳ್ಳುವುದಿಲ್ಲ, ಒಂದು ಪೈಸೆ ದರವನ್ನೂ ನಿಗದಿ ಮಾಡುವುದಿಲ್ಲ. ಮುಕ್ತ ಪೇಟೆಯನ್ನು ಮನಸಾರೆ ಬಯಸುವವರು ಇದನ್ನು ಮೊದಲು ಕೇಳಬೇಕು. ಅಳತೆ ಒಬ್ಬನ ಕೈಯಲ್ಲೇ ಇರುವ ಕಡೆ ಪೇಟೆ ಮುಕ್ತವಾಗಿದೆ ಎನ್ನಲು ಸಾಧ್ಯವಿಲ್ಲ.

ಪೇಟೆ ತಾನಾಗಿ ಮಾಡದ ಇನ್ನೊಂದು ಕೆಲಸ ಸಂಶೋಧನೆ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಆರಂಭವಾದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಅರೇಬಿಕಾ ತೋಟಗಳಲ್ಲಿ ಇಂದಿಗೂ ಎದ್ದು ಕಾಣುವ ಎಸ್. 795 ತಳಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ, ಎಲ್ಲವೂ ಅಲ್ಲಿಂದ ಬಂದವು. ಒಂದು ಕಾಫಿ ತಳಿಯನ್ನು ಬೆಳೆಸಿ, ಎಲೆ ತುಕ್ಕು ರೋಗಕ್ಕೆ ಒಡ್ಡಿ, ಇಳುವರಿ ನೋಡಿ ನಂಬಿಕೆಯಿಂದ ಬೆಳೆಗಾರನ ಕೈಗಿಡಲು ದಶಕಗಳೇ ಬೇಕು. ಹಾಗೆ ಕೊಟ್ಟ ಮೇಲೆ ಅದರ ಬೀಜ ನೆರೆಹೊರೆಯವರಿಗೆಲ್ಲ ಹಂಚಿಹೋಗುತ್ತದೆ. ಯಾವ ಖಾಸಗಿ ಕಂಪನಿ ಅಷ್ಟು ವರ್ಷ ಹಣ ಸುರಿದು, ಮರಳಿ ಪಡೆಯುವ ದಾರಿಯಿಲ್ಲದೆ ಕಾಯುತ್ತದೆ? ಕಾಂಡಕೊರಕವೂ ಬೇಲಿ ನೋಡಿ ನಿಲ್ಲುವ ಹುಳುವಲ್ಲ. ನಾನು ನನ್ನ ಗಿಡಗಳ ಕಾಂಡ ಉಜ್ಜಿ, ನೆರಳು ಹದವಾಗಿಟ್ಟು ಎಷ್ಟೇ ಎಚ್ಚರ ವಹಿಸಿದರೂ ಪಕ್ಕದ ಪಾಳು ತೋಟದಿಂದ ಅದು ಬರುತ್ತದೆ. ಇಂಥ ಕೆಲಸಗಳಿಗೆ ಎಲ್ಲರ ಹಣ ಸೇರಬೇಕು, ಅದಕ್ಕೆ ಸರ್ಕಾರಕ್ಕಿಂತ ಬೇರೆ ಉಪಾಯ ನನಗೆ ತೋಚುವುದಿಲ್ಲ.

ಯುರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮವೂ ಇದೇ ಬಗೆಯದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂಬುದಕ್ಕೆ ಪ್ರತಿ ತೋಟದ ಭೂಗುರುತು ಸಮೇತ ದಾಖಲೆ ಬೇಕೆಂದು ಅದು ಹೇಳುತ್ತದೆ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ನಿಯಮ ಹೋಗಿಲ್ಲ; ನಮ್ಮ ರಫ್ತಿನ ದೊಡ್ಡ ಭಾಗ ಆ ದೇಶಗಳಿಗೇ ಹೋಗುತ್ತದೆ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಈ ನಿಯಮ ಅನುಕೂಲವೂ ಆಗಬಹುದು. ಆದರೆ ಜಂಟಿ ಖಾತೆಯ, ಪೋಡಿಯಾಗದ (ಅಳೆದು ಪ್ರತ್ಯೇಕ ದಾಖಲೆಯಾಗದ) ಮೂರು ಎಕರೆಯವನು ಅದನ್ನು ಒಬ್ಬನೇ ಸಾಬೀತುಪಡಿಸುವುದು ಹೇಗೆ? ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 25 ಎಕರೆಯೊಳಗಿನವು ಎಂಬುದನ್ನು ಮರೆಯಬಾರದು.

ಬೆಲೆಯ ಏರಿಳಿತಕ್ಕೆ ಏನು ಮಾಡಬೇಕೆಂಬುದಕ್ಕೂ ನಮ್ಮಲ್ಲೇ ಒಂದು ಪ್ರಯೋಗ ನಡೆದಿದೆ. ಕಾಫಿ, ಚಹಾ, ರಬ್ಬರ್ ಮತ್ತು ತಂಬಾಕು ಬೆಳೆಗಾರರಿಗಾಗಿ 2003ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿಯನ್ನು ಆರಂಭಿಸಿತ್ತು. ಏಳು ವರ್ಷದ ಸರಾಸರಿ ಬೆಲೆಗಿಂತ ಶೇ 20ರಷ್ಟು ಮೇಲೆ ಹೋದ ವರ್ಷ ಬೆಳೆಗಾರ ತನ್ನ ಖಾತೆಗೆ 1,000 ರೂಪಾಯಿ ಹಾಕಬೇಕು. ಅಷ್ಟೇ ಕೆಳಗಿಳಿದ ವರ್ಷ ಸರ್ಕಾರ 1,000 ಹಾಕುತ್ತದೆ. ಸಾಧಾರಣ ವರ್ಷ ಇಬ್ಬರೂ 500. ಆಲೋಚನೆ ಸರಿಯಾಗಿಯೇ ಇತ್ತು: ಸುಗ್ಗಿಯಲ್ಲಿ ಕಣಜಕ್ಕೆ ಹಾಕಿ ಬರದಲ್ಲಿ ತೆಗೆಯುವ ನಮ್ಮ ಹಿರಿಯರ ಕ್ರಮವೇ ಅದು. ಆದರೆ ಸಾವಿರ ರೂಪಾಯಿಗೆ ಒಂದು ವಾರದ ಕೂಲಿಯೂ ಸಲ್ಲುವುದಿಲ್ಲ. ಸೇರಿದವರು ಗುರಿಯ ಸಣ್ಣ ಭಾಗವಷ್ಟೇ. 2013ರಲ್ಲಿ ಯೋಜನೆ ಮುಗಿಯಿತು. ಎಕರೆಯ ಲೆಕ್ಕದಲ್ಲಿ, ನಿಜವಾಗಿ ನೆರವಾಗುವ ಮೊತ್ತದಲ್ಲಿ ಅದನ್ನು ಮತ್ತೆ ಕಟ್ಟುವುದಾದರೆ ಅದಕ್ಕೆ ತಕ್ಕ ಕಾಲ ಬೆಲೆ ಚೆನ್ನಾಗಿರುವ ವರ್ಷಗಳೇ ಹೊರತು ಬಿದ್ದ ವರ್ಷಗಳಲ್ಲ. ನಾನು ನನ್ನ ಪಾಲನ್ನು ಹಾಕಲು ಸಿದ್ಧನಿದ್ದೇನೆ. ಬಿದ್ದ ಮೇಲೆ ಸಾಲ ಮನ್ನಾ ಕೇಳುವುದಕ್ಕಿಂತ, ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ತೋಟ ಹರಾಜಿಗಿಟ್ಟಾಗ ಧರಣಿ ಕೂರುವುದಕ್ಕಿಂತ ಇದು ಮರ್ಯಾದೆಯ ದಾರಿ.

1942ರ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ ತರಲು ಕೇಂದ್ರ ವಾಣಿಜ್ಯ ಸಚಿವಾಲಯ 2022ರಲ್ಲಿ ಕರಡೊಂದನ್ನು ಹೊರಡಿಸಿತ್ತು. ಆ ವಿಷಯ ಮತ್ತೆ ಮುಂದೆ ಬಂದಾಗ, ಹಳೆಯ ನಿರ್ಬಂಧಗಳು ಯಾವುವು ಹೋಗುತ್ತವೆ ಎಂಬುದನ್ನಷ್ಟೇ ಅಲ್ಲದೆ, ಓ.ಟಿ. ಅಳೆಯುವ ಹೊಣೆ ಯಾರದು, ಹಣ ಕೊಡದೆ ಹೋದವನನ್ನು ಹಿಡಿಯುವ ಹೊಣೆ ಯಾರದು, ಬಾಳೆಹೊನ್ನೂರಿನ ವಿಜ್ಞಾನಿಗಳ ಸಂಬಳದ ಹೊಣೆ ಯಾರದು ಎಂಬುದನ್ನೂ ಅದರಲ್ಲಿ ಬರೆದಿಡಬೇಕೆಂದು ನಮ್ಮ ಸಂಸದರನ್ನು ಕೇಳಿಕೊಳ್ಳುತ್ತೇನೆ. ಆ ಕರಡು ಕನ್ನಡದಲ್ಲಿ ಅಚ್ಚಾಗಿ ಪಂಚಾಯಿತಿಗಳಿಗೆ ತಲುಪಲಿ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ, ವಿರಾಜಪೇಟೆಗಳಲ್ಲಿ ಬೆಳೆಗಾರರ ಮತ್ತು ಕಾರ್ಮಿಕರ ಎದುರು ಅದನ್ನು ಓದಿ ಅಭಿಪ್ರಾಯ ಕೇಳಲಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಕೊಯ್ಲಿನಲ್ಲಿ ಯಾರಿಗೂ ಬಿಡುವಿರುವುದಿಲ್ಲವಾದ್ದರಿಂದ, ಆ ಸಭೆಗಳನ್ನು ಮಳೆಗಾಲ ಮುಗಿದ ಕೂಡಲೇ ಕರೆದರೆ ಹೆಚ್ಚು ಜನ ಬರಲು ಸಾಧ್ಯವಾಗುತ್ತದೆ.

ಇತಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ